ನೋವಿನ ಗುಳಗಿಗೆ ಕೇಂದ್ರದ ಕಡಿವಾಣ: ಭಾಲ್ಕಿಯ ಟೊಂಕ ನೋವಿಗೆ ಮದ್ದು ಎಲ್ಲಿದೆ?

ಭಾಲ್ಕಿ: ನಿಮೆಸುಲೈಡ್ ಎಂಬ ನೋವಿನ ಗುಳಗಿಯ ಹೆಚ್ಚು ಶಕ್ತಿಯ ನಮೂನೆಗಳನ್ನು ಕೇಂದ್ರ ಆರೋಗ್ಯ ಸಚಿವಾಲಯ 2025ರ ಡಿಸೆಂಬರ್ 29ರ ಅಧಿಸೂಚನೆಯಲ್ಲಿ ನಿಷೇಧಿಸಿದೆ. ನುಂಗಿದ ಕೂಡಲೇ ಕರಗುವ, 100 ಮಿಲಿಗ್ರಾಂಗಿಂತ ಹೆಚ್ಚು ಶಕ್ತಿಯ ನಿಮೆಸುಲೈಡ್ ಅನ್ನು ಇನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ಹಂಚುವಂತಿಲ್ಲ. ಯಕೃತ್ತಿಗೆ ಆಗುವ ಹಾನಿ ಮತ್ತು ಇದಕ್ಕಿಂತ ಸುರಕ್ಷಿತ ಔಷಧಗಳು ಸಿಗುತ್ತವೆ ಎಂಬುದು ಈ ಆದೇಶದ ಹಿಂದಿನ ಕಾರಣ. 100 ಮಿಲಿಗ್ರಾಂ ಗುಳಗಿ ಮಾತ್ರ ಮೊದಲಿನಂತೆ ಮಾರುಕಟ್ಟೆಯಲ್ಲಿ ಇರುತ್ತದೆ.

ಆದೇಶ ದೆಹಲಿಯದು. ಆದರೆ ಅದು ಮುಟ್ಟುವುದು ಭಾಲ್ಕಿಯ ಬಸ್ ನಿಲ್ದಾಣದ ಸುತ್ತಲಿನ ಔಷಧ ಅಂಗಡಿಗಳನ್ನು, ಹಲಬರ್ಗಾ, ನಿಟ್ಟೂರ, ಖಟಕ ಚಿಂಚೋಳಿ ಕಡೆಯ ಕಿರಾಣಿ ಅಂಗಡಿಗಳನ್ನು, ತೊಗರಿ ರಾಶಿಯ ದಿನಗಳಲ್ಲಿ ಸಂಜೆ ಟೊಂಕ ಹಿಡಿದುಕೊಂಡು ಬರುವ ಕೂಲಿಕಾರರನ್ನು. ‘ಅಣ್ಣಾ, ಟೊಂಕ ಭಾಳ ಹಿಡದದ, ಒಂದು ಗುಳಗಿ ಕೊಡು’ ಎಂದರೆ ಸಾಕು, ಚೀಟಿ ಕೇಳುವವರು ಕಡಿಮೆ. ಕೊಟ್ಟ ಗುಳಗಿಯ ಹೆಸರು ಕೇಳುವವರಂತೂ ಇಲ್ಲವೇ ಇಲ್ಲ.

ಹೀಗಾಗಿ ಒಂದು ಗುಳಗಿಯ ಶಕ್ತಿ ಕಡಿಮೆ ಮಾಡಿದರೆ ಸಾಕೇ ಎಂಬ ಪ್ರಶ್ನೆ ಏಳುತ್ತದೆ. ತೊಂದರೆ ಇರುವುದು ಗುಳಗಿಯ ಶಕ್ತಿಯಲ್ಲಿ ಮಾತ್ರ ಅಲ್ಲ. ಅದನ್ನು ಎಲ್ಲಿಂದ ತರುತ್ತೇವೆ, ಯಾರನ್ನು ಕೇಳಿ ನುಂಗುತ್ತೇವೆ, ಎಷ್ಟು ದಿನ ನುಂಗುತ್ತೇವೆ ಎಂಬುದರಲ್ಲಿದೆ.

ನೋವು ಎರಡು ಥರ

ವೈದ್ಯಶಾಸ್ತ್ರ ನೋವನ್ನು ಎರಡು ಪಾಲು ಮಾಡುತ್ತದೆ. ಬಿದ್ದು ಕೈ ಮುರಿದಾಗ, ಹಲ್ಲು ಕೊಳೆತಾಗ, ಮೂತ್ರದ ಕಲ್ಲು ಇಳಿಯುವಾಗ ಬರುವುದು ತಟಕ್ಕನೆ ಬರುವ ನೋವು. ಇದು ಮೈ ಕೊಡುವ ಎಚ್ಚರಿಕೆ ಗಂಟೆ. ಕಾರಣ ಹುಡುಕಿ ಸರಿ ಮಾಡಿದರೆ ದಿನಗಳಲ್ಲಿ ಅಥವಾ ವಾರಗಳಲ್ಲಿ ಇಳಿಯುತ್ತದೆ. ಆ ದಿನಗಳ ಮಟ್ಟಿಗೆ ನೋವಿನ ಗುಳಗಿ ಒಳ್ಳೆಯ ಕೆಲಸ ಮಾಡುತ್ತದೆ. ನೋವು ಸಹಿಸಿಕೊಂಡು ಕೂರಬೇಕು ಅಂತ ಯಾರೂ ಹೇಳಲ್ಲ.

ಮೂರು ತಿಂಗಳು ದಾಟಿದ ನೋವು ಬೇರೆಯದೇ ಲೆಕ್ಕ. ಟೊಂಕ, ಮೊಣಕಾಲು, ಕುತ್ತಿಗೆ, ಭುಜ ಇವು ಅದರ ಮನೆಗಳು. ಇಲ್ಲಿ ಎಷ್ಟೋ ಸಲ ಗಂಟೆ ಹೊಡೆದ ಕಾರಣ ಹೋಗಿರುತ್ತದೆ, ಗಂಟೆ ಮಾತ್ರ ನಿಂತಿರುವುದಿಲ್ಲ. ಸವೆತ, ಕೆಲಸದ ಭಂಗಿ, ನಿದ್ದೆ ಇಲ್ಲದಿರುವುದು, ಸಾಲದ ಚಿಂತೆ ಎಲ್ಲವೂ ಸೇರಿ ನೋವನ್ನು ಹಿಡಿದಿಡುತ್ತವೆ. ಇದನ್ನು ದಿನಾ ಒಂದು ಗುಳಗಿಯಿಂದ ಅಡಗಿಸಲು ಹೋದರೆ ನೋವು ಅಲ್ಲೇ ಇರುತ್ತದೆ, ಗುಳಗಿಯ ಅಡ್ಡ ಪರಿಣಾಮ ಮಾತ್ರ ಏರುತ್ತಾ ಹೋಗುತ್ತದೆ.

ನಮ್ಮ ಕಡೆ ನಡೆಯುತ್ತಿರುವ ಯಡವಟ್ಟು ಇದೇ. ಮೊದಲ ಥರದ ನೋವಿನ ಮದ್ದನ್ನು ಎರಡನೇ ಥರದ ನೋವಿಗೆ ವರ್ಷಗಟ್ಟಲೆ ನುಂಗುವುದು.

ದವಾಖಾನೆ ಬಿಟ್ಟು ಅಂಗಡಿಗೆ ಯಾಕೆ?

ಜನರಿಗೆ ಬುದ್ಧಿ ಇಲ್ಲ ಅಂದುಬಿಡುವುದು ಸುಲಭ. ಲೆಕ್ಕ ಹಾಕಿ ನೋಡಿದರೆ ಅವರ ನಡೆಗೆ ಅರ್ಥ ಇದೆ. ಅಕ್ಟೋಬರ್‌ನಲ್ಲಿ ಸೋಯಾ ಕಟಾವು, ಡಿಸೆಂಬರ್-ಜನವರಿಯಲ್ಲಿ ತೊಗರಿ, ಚಳಿಗಾಲ ಪೂರ್ತಿ ಕಬ್ಬು ಕಡಿಯುವ ಕೆಲಸ. ಹಂಗಾಮು ಇರುವುದೇ ಕೆಲವು ವಾರ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ನಡೆಯುವುದೂ ಹಗಲಿನಲ್ಲಿ, ಕೂಲಿ ನಡೆಯುವುದೂ ಹಗಲಿನಲ್ಲಿ. ಡಾಕ್ಟರ್ ಹತ್ತಿರ ಹೋದರೆ ಒಂದು ದಿನದ ಕೂಲಿ ಖೋತಾ. ಮೇಲಿಂದ ಆಟೋ ಅಥವಾ ಬಸ್ಸಿನ ಖರ್ಚು. ಅಂಗಡಿಯಲ್ಲಿ ಅದೇ ಕೆಲಸ ಐದು ನಿಮಿಷದಲ್ಲಿ, ಹತ್ತಿಪ್ಪತ್ತು ರೂಪಾಯಿಯಲ್ಲಿ ಮುಗಿಯುತ್ತದೆ.

ಇನ್ನೊಂದು ಕಾರಣ, ದವಾಖಾನೆಗೆ ಹೋದರೂ ಸಿಗುವ ಸಮಯ. ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಜ್ವರ, ಗರ್ಭಿಣಿಯರ ತಪಾಸಣೆ, ಲಸಿಕೆ, ಬಿಪಿ, ಸಕ್ಕರೆ ಎಲ್ಲ ಅದರ ಹೆಗಲ ಮೇಲೆ. ಆ ಸಾಲಿನಲ್ಲಿ ನಿಂತ ಮೊಣಕಾಲು ನೋವಿನ ಅಜ್ಜಿಗೆ ಸಿಗುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಗುಳಗಿ ಬರೆಯಬಹುದು, ವ್ಯಾಯಾಮ ಕಲಿಸಲು ಆಗುವುದಿಲ್ಲ. ಹಾಗಾಗಿ ಅಲ್ಲಿಯೂ ಗುಳಗಿ, ಇಲ್ಲಿಯೂ ಗುಳಗಿ. ಅಂದಮೇಲೆ ಜನ ಹತ್ತಿರದ ಅಂಗಡಿಯನ್ನೇ ಆರಿಸುತ್ತಾರೆ.

ಪುಡಿಕೆಯ ಒಳಗೆ ಏನಿದೆ?

ಎಲ್ಲಕ್ಕಿಂತ ಅಪಾಯದ್ದು ಹೆಸರಿಲ್ಲದ ಪುಡಿಕೆ. ಸ್ಟ್ರಿಪ್ ಕತ್ತರಿಸಿ, ನಾಲ್ಕು ಬಣ್ಣದ ಗುಳಗಿ ಕಾಗದದಲ್ಲಿ ಕಟ್ಟಿ, ‘ಮುಂಜಾನೆ ಒಂದು, ರಾತ್ರಿ ಒಂದು’ ಅಂತ ಕೊಡುವುದು. ಇಂಥ ಪುಡಿಕೆಯಲ್ಲಿ ನೋವಿನ ಗುಳಗಿಯ ಜೊತೆ ಸ್ಟಿರಾಯ್ಡ್ ಸೇರಿಕೊಳ್ಳುವ ರೂಢಿ ದೇಶದ ಹಲವು ಕಡೆ ಇದೆ. ಸ್ಟಿರಾಯ್ಡ್ ನುಂಗಿದರೆ ನೋವು ಮಾಯ, ಹಸಿವು ಜೋರು, ಮೈಯಲ್ಲಿ ಹುರುಪು. ‘ಆ ಡಾಕ್ಟರ್ ಕೈಗುಣ ಛಲೋ ಅದ’ ಎಂಬ ಹೆಸರು ಹಬ್ಬುವುದು ಹೀಗೆಯೇ.

ತಿಂಗಳುಗಟ್ಟಲೆ ನುಂಗಿದರೆ ಬೆಲೆ ಕಟ್ಟಬೇಕಾಗುತ್ತದೆ. ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಮುಖ ಊದುತ್ತದೆ, ಎಲುಬು ಟೊಳ್ಳಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಇನ್ನೊಂದು ಮಾತು ನೆನಪಿರಲಿ. ಬಹಳ ದಿನದಿಂದ ಇಂಥ ಪುಡಿಕೆ ನುಂಗುತ್ತಿರುವವರು ಇದನ್ನು ಓದಿ ನಾಳೆಯೇ ಒಮ್ಮೆಲೇ ಬಿಡಬಾರದು. ಹೊರಗಿನ ಸ್ಟಿರಾಯ್ಡ್‌ಗೆ ಒಗ್ಗಿದ ಮೈ ತನ್ನದನ್ನು ತಯಾರಿಸುವುದು ನಿಲ್ಲಿಸಿರುತ್ತದೆ, ದಿಢೀರ್ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತಾಗಬಹುದು. ಪುಡಿಕೆ ಹಿಡಿದುಕೊಂಡೇ ಸರ್ಕಾರಿ ವೈದ್ಯರ ಹತ್ತಿರ ಹೋಗಿ, ಅವರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು.

ಸ್ಟಿರಾಯ್ಡ್ ಇಲ್ಲದ ಸಾದಾ ನೋವಿನ ಗುಳಗಿಗಳೂ, ಅಂದರೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಇವೂ ನಿರಪಾಯ ಅಲ್ಲ. ಮೈಯಲ್ಲಿ ನೋವು, ಉರಿ ಹುಟ್ಟಿಸುವ ರಾಸಾಯನಿಕವನ್ನು ಇವು ತಡೆಯುತ್ತವೆ. ಆದರೆ ಅದೇ ರಾಸಾಯನಿಕ ಹೊಟ್ಟೆಯ ಒಳಪದರವನ್ನು ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆಯೂ ನೋಡಿಕೊಳ್ಳುತ್ತದೆ. ಹಾಗಾಗಿ ದಿನಾ ನುಂಗುವವರಿಗೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ. ಮಲ ಡಾಂಬರಿನಂತೆ ಕಪ್ಪಗಾದರೆ ಅದು ಒಳಗೆ ರಕ್ತ ಸೋರುತ್ತಿರುವ ಗುರುತು.

ಮೂತ್ರಪಿಂಡದ ಕತೆ ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಬೀದರ್ ಜಿಲ್ಲೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ಬೆವರಿ, ನೀರು ಕಡಿಮೆ ಕುಡಿದ ಮೈಯಲ್ಲಿ ಮೂತ್ರಪಿಂಡಕ್ಕೆ ಹರಿಯುವ ರಕ್ತ ಮೊದಲೇ ಕಡಿಮೆ. ಅದರ ಮೇಲೆ ನೋವಿನ ಗುಳಗಿ ಬಿದ್ದರೆ ಇನ್ನಷ್ಟು ಕಡಿಮೆ. ಬಿಪಿ ಗುಳಗಿ ಮತ್ತು ಮೂತ್ರ ಹೆಚ್ಚಿಸುವ ಗುಳಗಿ ಎರಡನ್ನೂ ತಿನ್ನುವವರು ಇದನ್ನೂ ಸೇರಿಸಿಕೊಂಡರೆ ಮೂತ್ರಪಿಂಡ ಕೈಕೊಡುವ ಅಪಾಯ ಏರುತ್ತದೆ. ಮೂತ್ರಪಿಂಡ ಪೂರ್ತಿ ಹೋದ ಮೇಲೆ ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್. ಹತ್ತು ರೂಪಾಯಿಯಲ್ಲಿ ಉಳಿಸಿದ ಕೂಲಿ ಎಲ್ಲಿ ಹೋಯಿತು ಅಂತ ಆಗ ಮನೆಯವರೇ ಲೆಕ್ಕ ಹಾಕಬೇಕು.

ಆದೇಶಗಳ ಸಾಲು

ನಿಮೆಸುಲೈಡ್ ಮೇಲೆ ಸರ್ಕಾರ ಕೈ ಇಟ್ಟದ್ದು ಇದೇ ಮೊದಲಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು 2011ರಲ್ಲೇ ನಿಷೇಧ ಬಂತು. ಟ್ರಮಡಾಲ್ ಎಂಬ ಬಲವಾದ ನೋವಿನ ಔಷಧ ಚಟ ಹಿಡಿಸುತ್ತದೆ ಎಂದು 2018ರಲ್ಲಿ ಅದನ್ನು ಮಾದಕ ವಸ್ತು ಕಾಯ್ದೆಯಡಿ ತಂದರು. ಮುಟ್ಟಿನ ನೋವಿಗೆ ಹೆಚ್ಚಾಗಿ ನುಂಗುವ ಮೆಫೆನಾಮಿಕ್ ಆಸಿಡ್ ಕೆಲವರಲ್ಲಿ ಗಂಭೀರ ಅಲರ್ಜಿ ತರಬಹುದು ಎಂದು 2023ರ ನವೆಂಬರ್‌ನಲ್ಲಿ ಭಾರತೀಯ ಫಾರ್ಮಾಕೋಪಿಯಾ ಆಯೋಗ ಎಚ್ಚರಿಸಿತು. 2024ರ ಆಗಸ್ಟ್‌ನಲ್ಲಿ 156 ಮಿಶ್ರಣ ಔಷಧಗಳನ್ನು ಒಟ್ಟಿಗೆ ನಿಷೇಧಿಸಿದಾಗ, ಅಸಿಕ್ಲೋಫೆನಾಕ್ 50 ಮತ್ತು ಪ್ಯಾರಸಿಟಮಾಲ್ 125 ಮಿಲಿಗ್ರಾಂ ಸೇರಿದ ಗುಳಗಿಯೂ ಆ ಪಟ್ಟಿಯಲ್ಲಿತ್ತು.

ಆದೇಶದ ಮೇಲೆ ಆದೇಶ ಬಂದರೂ ತಳಮಟ್ಟದ ರೂಢಿ ಬದಲಾಗಿಲ್ಲ. ಒಂದು ಗುಳಗಿ ನಿಂತರೆ ಪಕ್ಕದ ಡಬ್ಬಿಯಲ್ಲಿ ಇನ್ನೊಂದು ಇರುತ್ತದೆ. ಗಿರಾಕಿ ಕೇಳುವುದು ಹೆಸರನ್ನಲ್ಲ, ‘ಜೋರಿಂದು ಕೊಡು’ ಅಂತ. ಆ ಮಾತು ಇರುವವರೆಗೆ ಯಾವ ಪಟ್ಟಿಯೂ ಪೂರ್ತಿ ಕೆಲಸ ಮಾಡುವುದಿಲ್ಲ.

ಅಂಗಡಿಕಾರರು ತಿಳಿದಿರಬೇಕಾದ್ದು

ಕಿರಾಣಿ ಅಂಗಡಿಯವರಿಗೆ ಕಾನೂನು ಒಂದು ಸಣ್ಣ ವಿನಾಯಿತಿ ಕೊಟ್ಟಿದೆ. ಔಷಧ ನಿಯಮಗಳ ‘ಕೆ’ ಅನುಸೂಚಿಯ ಪ್ರಕಾರ, ಜನಸಂಖ್ಯೆ ಒಂದು ಸಾವಿರ ಮೀರದ ಹಳ್ಳಿಯಲ್ಲಿ ಪ್ಯಾರಸಿಟಮಾಲ್, ಆಸ್ಪಿರಿನ್, ನೋವಿನ ಮುಲಾಮು ಮುಂತಾದ ಮನೆಮದ್ದಿನ ಸಾಮಾನುಗಳನ್ನು ಲೈಸೆನ್ಸ್ ಇಲ್ಲದೆ ಮಾರಬಹುದು. ಅದೂ ಲೈಸೆನ್ಸ್ ಇದ್ದವರು ತಯಾರಿಸಿದ, ಕಂಪನಿಯ ಪ್ಯಾಕ್ ಒಡೆಯದ ಮಾಲು. ಅದಕ್ಕಿಂತ ದೊಡ್ಡ ಊರಲ್ಲಿ ಪ್ಯಾರಸಿಟಮಾಲ್ ಮಾರಲೂ ಲೈಸೆನ್ಸ್ ಬೇಕು. ಡೈಕ್ಲೋಫೆನಾಕ್, ನಿಮೆಸುಲೈಡ್ ಇವಂತೂ ಎಷ್ಟೇ ಸಣ್ಣ ಊರಾದರೂ ಕಿರಾಣಿ ಅಂಗಡಿಯ ಮಾಲಲ್ಲ.

ಔಷಧ ಅಂಗಡಿಯವರಿಗೆ ಇನ್ನೂ ಬಿಗಿ. ‘ಎಚ್’ ಅನುಸೂಚಿಯ ಔಷಧಕ್ಕೆ ನೋಂದಾಯಿತ ವೈದ್ಯರ ಚೀಟಿ ಬೇಕೇ ಬೇಕು, ಡೈಕ್ಲೋಫೆನಾಕ್ ಮತ್ತು ನಿಮೆಸುಲೈಡ್ ಅದರಲ್ಲಿವೆ. ‘ಎಚ್ 1’ ಔಷಧ ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಟ್ರಮಡಾಲ್ ಈ ಗುಂಪಿನದು. ನಿಷೇಧವಾದ ನಿಮೆಸುಲೈಡ್ ಹಳೆಯ ಸ್ಟಾಕ್ ಇದ್ದರೆ ಅದನ್ನು ‘ಖಾಲಿ ಆಗ್ಲಿ’ ಅಂತ ಮಾರುವಂತಿಲ್ಲ, ಹೋಲ್‌ಸೇಲ್‌ನವರಿಗೆ ವಾಪಸ್ ಮಾಡುವುದೇ ದಾರಿ.

ಚೀಟಿ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬ ಅಂಗಡಿಯವರ ಅಳಲು ಸುಳ್ಳಲ್ಲ. ಒಬ್ಬರೇ ನಿಯಮ ಪಾಲಿಸಿದರೆ ಅವರಿಗೆ ನಷ್ಟ, ಎಲ್ಲರೂ ಪಾಲಿಸಿದರೆ ಯಾರಿಗೂ ನಷ್ಟ ಇಲ್ಲ. ಹಾಗಾಗಿ ಇದು ತಾಲೂಕಿನ ಔಷಧ ವ್ಯಾಪಾರಿಗಳು ಒಟ್ಟಿಗೆ ಕೂತು ತೀರ್ಮಾನಿಸಬೇಕಾದ ವಿಷಯ. ಅಲ್ಲಿಯವರೆಗೆ ಕೌಂಟರ್‌ನಲ್ಲಿ ನಾಲ್ಕು ಪ್ರಶ್ನೆ ಕೇಳಲು ಖರ್ಚಿಲ್ಲ: ಬಿಪಿ, ಸಕ್ಕರೆ ಇದೆಯೇ? ಮೂತ್ರಪಿಂಡದ ಅಥವಾ ಹೊಟ್ಟೆ ಹುಣ್ಣಿನ ತೊಂದರೆ ಇದೆಯೇ? ಗರ್ಭಿಣಿಯೇ? ಎಷ್ಟು ದಿನದಿಂದ ನುಂಗುತ್ತಿದ್ದೀರಿ? ಒಂದಕ್ಕೆ ‘ಹೌದು’ ಬಂದರೂ, ಅಥವಾ ಕೊನೆಯದಕ್ಕೆ ‘ಭಾಳ ದಿನ ಆಯ್ತು’ ಅಂದರೂ, ದವಾಖಾನೆ ತೋರಿಸುವುದೇ ಸರಿ.

ಬೆಲ್ಟು, ಸೂಜಿ, ಸಲಾಯಿನ್

ಟೊಂಕ ನೋವು ನಮ್ಮದೊಂದೇ ಊರಿನ ಕಾಯಿಲೆ ಅಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಇದರಿಂದ ಬಳಲುತ್ತಿದ್ದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ. ಇದೇ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಟೊಂಕ ನೋವಿಗೆ ಮಾರ್ಗಸೂಚಿ ಹೊರಡಿಸಿತು. ರೋಗಿಗೆ ತಿಳಿವಳಿಕೆ ಕೊಡುವುದು, ವ್ಯಾಯಾಮ, ಕೆಲವು ಬಗೆಯ ಫಿಸಿಯೋಥೆರಪಿ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆ, ಅಗತ್ಯ ಇದ್ದರೆ ಉರಿಯೂತ ತಗ್ಗಿಸುವ ಗುಳಗಿ ಇವು ಅದು ಹೇಳಿದ ದಾರಿ. ಬೇಡ ಎಂದದ್ದು ಮೂರು ಮುಖ್ಯ: ಟೊಂಕಕ್ಕೆ ಕಟ್ಟುವ ಬೆಲ್ಟು, ತೂಕ ಕಟ್ಟಿ ಎಳೆಯುವ ಚಿಕಿತ್ಸೆ, ಅಫೀಮಿನ ಜಾತಿಯ ನೋವಿನ ಔಷಧ.

ಅಂದರೆ ನೂರಾರು ರೂಪಾಯಿ ಕೊಟ್ಟು ತಂದು ವರ್ಷಗಟ್ಟಲೆ ಕಟ್ಟಿಕೊಳ್ಳುವ ಬೆಲ್ಟಿನಿಂದ ಹಳೆಯ ಟೊಂಕ ನೋವಿಗೆ ಲಾಭ ಇದೆ ಎನ್ನಲು ಆಧಾರ ಇಲ್ಲ. ಹಾಸಿಗೆ ಹಿಡಿದು ಮಲಗುವುದೂ ಮದ್ದಲ್ಲ. ಸಾದಾ ಟೊಂಕ ನೋವಿಗೆ ಓಡಾಡಿಕೊಂಡಿದ್ದವರೇ ಬೇಗ ಸುಧಾರಿಸುತ್ತಾರೆ.

ಸೂಜಿಯ ಮೇಲಿನ ನಂಬಿಕೆಯೂ ಹೀಗೆಯೇ. ಡೈಕ್ಲೋಫೆನಾಕ್ ಸೂಜಿ ತಟಕ್ಕನೆ ಬಂದ ಜೋರು ನೋವಿಗೆ ಕೆಲಸಕ್ಕೆ ಬರುತ್ತದೆ. ಆದರೆ ಹೊಟ್ಟೆಗೆ, ಮೂತ್ರಪಿಂಡಕ್ಕೆ ಗುಳಗಿಯಷ್ಟೇ ಅಪಾಯ ಅದಕ್ಕೂ ಇದೆ, ಸೂಜಿಯಲ್ಲಿ ಕೊಟ್ಟರೆ ಹೊಟ್ಟೆ ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಲಿಯದ ಕೈ ಕುಂಡೆಯ ತಪ್ಪು ಜಾಗಕ್ಕೆ ಚುಚ್ಚಿದರೆ ಕಾಲಿನ ದೊಡ್ಡ ನರಕ್ಕೆ ಪೆಟ್ಟಾಗಿ ಪಾದ ಎತ್ತಲು ಬಾರದಂತೆ ಆಗಬಹುದು. ಸಲಾಯಿನ್ ಬಾಟಲಿಯಲ್ಲಿ ಇರುವುದು ನೀರು, ಉಪ್ಪು. ವಾಂತಿ-ಭೇದಿಯಾದವರಿಗೆ ಜೀವ ಉಳಿಸುತ್ತದೆ, ಮೊಣಕಾಲು ನೋವಿಗೆ ಅದರಲ್ಲಿ ಏನೂ ಇಲ್ಲ.

ಹಾಗಾದರೆ ಏನು ಮಾಡಬೇಕು?

ಮೊಣಕಾಲು ಸವೆತಕ್ಕೆ ಮೊದಲ ಮದ್ದು ತೊಡೆಯ ಸ್ನಾಯುವಿನ ಬಲ. ಕುರ್ಚಿ ಅಥವಾ ಕಟ್ಟೆ ಮೇಲೆ ಕೂತು ಕಾಲನ್ನು ನೇರ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸುವುದು. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಖರ್ಚಿಲ್ಲ, ಯಂತ್ರ ಬೇಕಿಲ್ಲ. ಮೈ ತೂಕ ಹೆಚ್ಚಿದ್ದರೆ ಕೆಲವೇ ಕಿಲೋ ಇಳಿದರೂ ಮೊಣಕಾಲಿಗೆ ಗೊತ್ತಾಗುತ್ತದೆ. ಒಂದೇ ಕಡೆ ನೋವಿದ್ದರೆ ಗುಳಗಿ ಬದಲು ಡೈಕ್ಲೋಫೆನಾಕ್ ಮುಲಾಮು ಹಚ್ಚುವುದರಿಂದ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಬಹಳ ಕಡಿಮೆ ಆಗುತ್ತದೆ.

ಗುಳಗಿ ಬೇಕೇ ಬೇಕೆಂದರೆ ಕಡಿಮೆ ಶಕ್ತಿಯದು, ಕಡಿಮೆ ದಿನ, ಊಟ ಆದ ಮೇಲೆ. ಪ್ಯಾರಸಿಟಮಾಲ್‌ಗೂ ಮಿತಿ ಇದೆ. ದೊಡ್ಡವರಿಗೆ 24 ತಾಸಿನಲ್ಲಿ 4 ಗ್ರಾಂ ದಾಟಬಾರದು, ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ತಾಸು ಬೇಕು. 650 ಮಿಲಿಗ್ರಾಂದಾದರೆ ಆರು ಗುಳಗಿ ಕೊನೆಯ ಗೆರೆ, ಅಷ್ಟೂ ನುಂಗಬೇಕೆಂದಲ್ಲ. ದಿನಾ ಕುಡಿಯುವವರು, ತೀರಾ ಸಣಕಲು ಮೈಯವರು, ಕಾಮಾಲೆ ಆದವರು ಅದಕ್ಕಿಂತ ಬಹಳ ಮೊದಲೇ ನಿಲ್ಲಿಸಬೇಕು. ನೆಗಡಿ ಗುಳಗಿಯಲ್ಲಿ, ಮಿಶ್ರಣದ ನೋವಿನ ಗುಳಗಿಯಲ್ಲಿ ಕೂಡ ಪ್ಯಾರಸಿಟಮಾಲ್ ಅಡಗಿರುತ್ತದೆ. ಮೂರನ್ನೂ ಒಟ್ಟಿಗೆ ನುಂಗಿದರೆ ಲೆಕ್ಕ ತಪ್ಪುತ್ತದೆ.

ಮಳೆಗಾಲದ ಮೈಕೈ ನೋವಿಗೆ ಇನ್ನೊಂದು ಎಚ್ಚರ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತ್ತು. ಜ್ವರದ ಜೊತೆ ಮೈಕೈ ನೋವು ಬಂದಾಗ ಡೆಂಗಿ ಅಲ್ಲ ಎಂದು ಖಾತ್ರಿ ಆಗುವವರೆಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬಾರದು, ರಕ್ತಸ್ರಾವ ಹೆಚ್ಚಾಗುತ್ತದೆ. ಪ್ಯಾರಸಿಟಮಾಲ್ ಮಾತ್ರ.

ತಡ ಮಾಡದೆ ಓಡಬೇಕಾದ ನೋವು

ಎಲ್ಲ ನೋವಿಗೂ ವ್ಯಾಯಾಮ ಸಾಕು ಅಂತಲ್ಲ. ಟೊಂಕ ನೋವಿನ ಜೊತೆ ಮಲ-ಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಕಾಲಿನ ಬಲ ಹೋಗುತ್ತಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆ. ನೋವಿನ ಜೊತೆ ಜ್ವರ, ಕಾರಣ ಇಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆ ಬಿಡದ ನೋವು, ಹಿಂದೆ ಕ್ಯಾನ್ಸರ್ ಆದ ಇತಿಹಾಸ ಇದ್ದರೆ ಪರೀಕ್ಷೆ ಮಾಡಿಸಲೇಬೇಕು. ಬೆನ್ನುಮೂಳೆಯ ಕ್ಷಯವೂ ನಮ್ಮಲ್ಲಿ ಟೊಂಕ ನೋವಿನ ವೇಷದಲ್ಲೇ ಬರುತ್ತದೆ.

ಎದೆ ಬಿಗಿದು, ಎಡಗೈ, ಭುಜ ಅಥವಾ ದವಡೆಗೆ ಹಬ್ಬುವ ನೋವು, ಮೇಲೆ ಬೆವರು ಬಂದರೆ ‘ಗ್ಯಾಸ್ ಆಗ್ಯದ’ ಅಂತ ಸೋಡಾ ಕುಡಿದು ಕೂರುವ ಹೊತ್ತಲ್ಲ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ನೋವಿನ ಸೂಜಿ ಚುಚ್ಚಿಸಿಕೊಂಡು ಮನೆಗೆ ಬಂದರೆ ಮುಖ್ಯವಾದ ತಾಸುಗಳು ಕಳೆದುಹೋಗುತ್ತವೆ.

ಇನ್ನು ಕ್ಯಾನ್ಸರ್ ಕೊನೆಯ ಹಂತದವರ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. ಅದು ಚಟ ಅಲ್ಲ, ಅವರ ಹಕ್ಕು. 2014ರಲ್ಲಿ ಕಾಯ್ದೆ ತಿದ್ದುಪಡಿ ಮಾಡಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನು ಸುಲಭ ಮಾಡಲಾಗಿದೆ. ಈ ಕಡೆಯ ಬಹಳ ಕುಟುಂಬಗಳು ಚಿಕಿತ್ಸೆಗೆ ಹೋಗುವ ಹೈದರಾಬಾದ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಗೆಂದೇ ಪ್ರತ್ಯೇಕ ವಿಭಾಗ ಇದೆ. ‘ಇನ್ನೇನೂ ಮಾಡಕ್ ಆಗಲ್ಲ’ ಎಂದು ಮನೆಗೆ ಕರೆತರುವ ಮುನ್ನ ಆ ವಿಭಾಗವನ್ನು ಕೇಳಿ ಬರುವುದು ಒಳ್ಳೆಯದು.

ತಾಲೂಕು ಕೇಳಬೇಕಾದ ಮೂರು

ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರಬೇಕು, ಕೊಡಬೇಕಾದ ಹನ್ನೆರಡು ಸೇವೆಗಳಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಒಂದು. ಬಿಪಿ, ಸಕ್ಕರೆ ತಪಾಸಣೆಗೆ ಅದೇ ಜನ ಅಲ್ಲಿಗೆ ಬರುತ್ತಾರೆ. ಆ ದಿನವೇ ‘ನೋವಿನ ಗುಳಗಿ ಏನಾದ್ರೂ ನುಂಗ್ತೀರಾ?’ ಎಂದು ಒಂದು ಪ್ರಶ್ನೆ ಸೇರಿಸಿದರೆ, ಹೌದು ಎಂದವರ ಮೂತ್ರಪಿಂಡ ಪರೀಕ್ಷೆ ಮಾಡಿಸಿದರೆ, ಎಷ್ಟೋ ಜನ ಮೊದಲೇ ಸಿಕ್ಕಿಬೀಳುತ್ತಾರೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಎರಡನೆಯದು, ಫಿಸಿಯೋಥೆರಪಿ ತಿಳಿದವರು ಸರದಿಯ ಮೇಲೆ ವಾರಕ್ಕೊಂದು ದಿನ ಹೋಬಳಿ ಕೇಂದ್ರಕ್ಕೆ ಬರುವ ವ್ಯವಸ್ಥೆ. ಭಾಲ್ಕಿಯಿಂದ ಬೀದರ್‌ಗೆ ಸುಮಾರು 40 ಕಿಲೋಮೀಟರ್. ವ್ಯಾಯಾಮ ಕಲಿಯಲು ಹಳ್ಳಿಯ ಅಜ್ಜಿ ಅಷ್ಟು ದೂರ ಹೋಗಿ ಬರುವುದಿಲ್ಲ. ಕಲಿಸುವವರು ಒಂದು ದಿನ ಲಖನಗಾಂವ್‌ಗೆ, ಇನ್ನೊಂದು ದಿನ ಸಾಯಿಗಾಂವ್‌ಗೆ ಬಂದರೆ ಇಪ್ಪತ್ತು ಜನ ಒಟ್ಟಿಗೆ ಕಲಿಯುತ್ತಾರೆ.

ಮೂರನೆಯದು, ಸುಗ್ಗಿಯ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನವಾದರೂ ಸಂಜೆ ಹೊರರೋಗಿ ಸೇವೆ. ದವಾಖಾನೆ ಬಾಗಿಲು ಮುಚ್ಚುವ ಹೊತ್ತಿಗೆ ಕೂಲಿಕಾರರು ಊರಿಗೆ ಮರಳಿದರೆ, ಅವರಿಗೆ ತೆರೆದಿರುವುದು ಅಂಗಡಿಯ ಬಾಗಿಲು ಮಾತ್ರ. ಗ್ರಾಮ ಪಂಚಾಯಿತಿ ಸಭೆಗಳಲ್ಲಿ, ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಈ ಮಾತು ಎತ್ತುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನಿಮೆಸುಲೈಡ್ ಆದೇಶ ಒಂದು ಗುಳಗಿಯನ್ನು ಕಪಾಟಿನಿಂದ ಇಳಿಸಿದೆ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ಆ ಜಾಗಕ್ಕೆ ಇನ್ನೊಂದು ಗುಳಗಿ ಬರುತ್ತದೋ, ಹೋಬಳಿ ಕೇಂದ್ರದಲ್ಲಿ ಒಂದು ಸಂಜೆಯ ಸೇವೆ ಬರುತ್ತದೋ ಎಂಬುದನ್ನು ತೀರ್ಮಾನಿಸಬೇಕಾದವರು ತಾಲೂಕಿನ ಅಧಿಕಾರಿಗಳು, ಔಷಧ ವ್ಯಾಪಾರಿಗಳು ಮತ್ತು ಗುಳಗಿ ನುಂಗುವ ನಾವೇ.